ಒದ್ದೆ ಹಾಸಿಗೆ ಮತ್ತು ನಾವು ಕೇಳದ ಪ್ರಶ್ನೆಗಳು

ಇದನ್ನ ಬರೆಯೋದೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ. ವಿಷಯ ಸ್ವಲ್ಪ ಮುಜುಗರದ್ದು. ಆದರೆ ಮುಜುಗರ ಅಂತ ಎಲ್ಲರೂ ಸುಮ್ಮನಿದ್ದಿದ್ದಕ್ಕೇ ನಮ್ಮ ಮನೆಯಲ್ಲಿ ಒಂದು ಮಗು ಎರಡು ವರ್ಷ ಸುಮ್ಮಸುಮ್ಮನೆ ಒದ್ದಾಡಿತು. ಹಾಗಾಗಿ ಬರೆದೇ ಬಿಡ್ತೀನಿ. ಮಗುವಿನ ಹೆಸರು, ಊರು ಎರಡನ್ನೂ ಬಿಟ್ಟಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಕಳೆದ ಬೇಸಿಗೆಯಲ್ಲಿ ಊರಿನಲ್ಲಿ ಒಂದು ಉಪನಯನ. ಮನೆ ತುಂಬ ನೆಂಟರು. ರಾತ್ರಿ ಮಕ್ಕಳನ್ನೆಲ್ಲ ಜಗುಲಿಯಲ್ಲಿ ಸಾಲಾಗಿ ಮಲಗಿಸಿದ್ದರು. ಒಂದು ಗಂಟೆ ಹೊತ್ತಿಗೆ ನೀರು ಕುಡಿಯೋಕೆ ಅಂತ ಎದ್ದು ಬಂದೆ. ನೋಡಿದರೆ ಅಕ್ಕನ ಮಗ, ಎಂಟು ವರ್ಷದವನು, ಕಂಬಕ್ಕೆ ಒರಗಿಕೊಂಡು ಕೂತಿದಾನೆ!

"ಯಾಕೋ ಪುಟ್ಟಾ, ಮಲಗಿಲ್ವಾ?"

"ನಿದ್ದೆ ಬರ್ತಿಲ್ಲ ಮಾಮ."

ಹೇಳ್ತಾ ಹೇಳ್ತಾನೇ ಕಣ್ಣು ಮುಚ್ಚಿ ಹೋಗ್ತಿತ್ತು ಪಾಪ. ತಲೆ ವಾಲಿದ ತಕ್ಷಣ ಬೆಚ್ಚಿ ಮತ್ತೆ ನೆಟ್ಟಗೆ ಕೂರ್ತಿದ್ದ. ನನಗೆ ಅರೆಕ್ಷಣದಲ್ಲಿ ಅರ್ಥ ಆಯ್ತು. ಯಾಕಂದ್ರೆ ಮೂವತ್ತೈದು ವರ್ಷದ ಹಿಂದೆ ಅದೇ ಜಗುಲಿಯಲ್ಲಿ, ಬಹುಶಃ ಅದೇ ಕಂಬಕ್ಕೆ ಒರಗಿ ನಾನೂ ಹೀಗೇ ಕೂತಿದ್ದೆ. ಮಲಗಿದರೆ ಹಾಸಿಗೆ ಒದ್ದೆ ಆಗತ್ತೆ, ಬೆಳಿಗ್ಗೆ ಎಲ್ಲರ ಮುಂದೆ ಮರ್ಯಾದೆ ಹೋಗತ್ತೆ ಅನ್ನೋ ಭಯ.

ಹೌದು, ನಾನು ಹನ್ನೊಂದು ವರ್ಷದ ತನಕ ಹಾಸಿಗೆಯಲ್ಲಿ ಉಚ್ಚೆ ಮಾಡ್ಕೊಳ್ತಿದ್ದೆ. ಮೊದಲ ಸಲ ಇದನ್ನ ಎಲ್ಲರೆದುರು ಹೇಳ್ತಿರೋದು :)

ಹಿತ್ತಲಲ್ಲಿ ದಿನಾ ಒಣಗುತ್ತಿದ್ದ ನನ್ನ ಕಂಬಳಿಯೇ ಊರಿಗೆಲ್ಲ ಡಂಗುರ ಸಾರ್ತಿತ್ತು. ಆಗಿನ ಔಷಧಿಗಳೋ.. ಎಳ್ಳು-ಬೆಲ್ಲದ ಉಂಡೆ (ಇದೊಂದು ಮಾತ್ರ ಇಷ್ಟವಾಗಿತ್ತು), ಸೊಂಟಕ್ಕೆ ಒಂದು ತಾಯತ, ಸಂಜೆ ಆರರ ಮೇಲೆ ಹನಿ ನೀರಿಲ್ಲ, ಮತ್ತೆ "ಇನ್ನೊಂದ್ಸಲ ಮಾಡಿದ್ರೆ ಬರೆ ಹಾಕ್ತೀನಿ ನೋಡು" ಅನ್ನೋ ಅಪ್ಪನ ಗುಡುಗು. ಐದನೇ ಕ್ಲಾಸಿನಲ್ಲಿ ಮೈಸೂರಿಗೆ ಪ್ರವಾಸ ಹೊರಟಾಗ ಹೊಟ್ಟೆನೋವು ಅಂತ ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಮೈಸೂರು ಅರಮನೆ ಆಮೇಲೆ ಎಷ್ಟೋ ಸಲ ನೋಡಿದೀನಿ. ಆ ಪ್ರವಾಸ ತಪ್ಪಿದ್ದು ಮಾತ್ರ ಇವತ್ತಿಗೂ ಚುಚ್ಚತ್ತೆ.

ಸರಿ, ಪುಟ್ಟನ ಕಥೆಗೆ ಬರ್ತೀನಿ. ಮಾರನೇ ದಿನ ಅಕ್ಕನನ್ನ ಕೇಳಿದೆ. ಅವಳ ಕಣ್ಣಲ್ಲಿ ನೀರು. "ಎರಡು ವರ್ಷದಿಂದ ನೋಡ್ತಿದೀನಿ ಮಾರಾಯ, ವಾರಕ್ಕೆ ಆರು ದಿನ. ಬೈದೆ, ಮುದ್ದು ಮಾಡಿದೆ, ಹೊಡೆದೂ ಹೊಡೆದೆ" ಅಂದಳು. ಡಾಕ್ಟರಿಗೂ ತೋರಿಸಿದ್ದರಂತೆ. ಅವರು ಹುಡುಗನ ಮುಖ ಕೂಡ ಸರಿಯಾಗಿ ನೋಡದೆ ಬೆನ್ನಿನ ಎಕ್ಸ್-ರೇ ಬರೆದುಕೊಟ್ಟು, ಅದರಲ್ಲಿ ಕೆಳಗಿನ ಮೂಳೆ ಪೂರ್ತಿ ಕೂಡಿಲ್ಲ, ಅದಕ್ಕೇ ಹೀಗೆ ಅಂದು, ಒಂದು ತಿಂಗಳ ಮಾತ್ರೆ ಕೊಟ್ಟು ಕಳಿಸಿದರಂತೆ. ಎಲ್ಲ ಸೇರಿ ಐದು ನಿಮಿಷ. ಅಲ್ಲಿಂದ ಅಕ್ಕನ ತಲೆಯಲ್ಲಿ "ನನ್ನ ಮಗನ ಬೆನ್ನುಮೂಳೆಯಲ್ಲಿ ದೋಷ" ಅನ್ನೋ ಹುಳ ಕೂತಿದೆ. ಮಾತ್ರೆ ಮುಗೀತು, ಹಾಸಿಗೆ ಒದ್ದೆ ಆಗೋದು ಮುಗೀಲಿಲ್ಲ.

ಜೂನ್ ತಿಂಗಳಲ್ಲಿ ಬೇರೊಬ್ಬ ಮಕ್ಕಳ ಡಾಕ್ಟರ ಹತ್ತಿರ ಹೋದ್ವಿ. ನಾನೂ ಜೊತೆಗೆ ಹೋಗಿದ್ದೆ. ಈ ಬರಹ ಇರೋದೇ ಆ ನಲವತ್ತು ನಿಮಿಷದ ಬಗ್ಗೆ.

ಆಕೆ ಮೊದಲು ಮಾತಾಡಿದ್ದು ಪುಟ್ಟನ ಹತ್ತಿರ. "ನಿನ್ನ ಕ್ಲಾಸಲ್ಲಿ ಇನ್ನೂ ಒಬ್ಬರೋ ಇಬ್ಬರೋ ಇರಬಹುದು ನಿನ್ನ ಹಾಗೇ. ಅವರೂ ಯಾರಿಗೂ ಹೇಳಿರಲ್ಲ ಅಷ್ಟೇ" ಅಂದರು. ಹುಡುಗ ತಲೆ ಎತ್ತಿ ನೋಡಿದ. ಆಮೇಲೆ ಶುರುವಾಯ್ತು ನೋಡಿ ಪ್ರಶ್ನೆಗಳ ಸುರಿಮಳೆ.

ಹುಟ್ಟಿದಾಗಿನಿಂದಲೂ ಹೀಗೇನಾ, ಅಥವಾ ಮಧ್ಯೆ ಆರು ತಿಂಗಳಾದರೂ ಪೂರ್ತಿ ನಿಂತಿತ್ತಾ? ವಾರಕ್ಕೆ ಎಷ್ಟು ರಾತ್ರಿ? ರಾತ್ರಿಗೆ ಒಂದೇ ಸಲಾನಾ? ಹಗಲು ಚಡ್ಡಿ ಒದ್ದೆ ಆಗತ್ತಾ? ಮೂತ್ರ ಬಂದಾಗ ಓಡ್ತಾನಾ, ಕಾಲು ಕತ್ತರಿ ಹಾಕ್ಕೊಂಡು ನಿಲ್ತಾನಾ? ಧಾರೆ ಸರಿಯಾಗಿ ಬರತ್ತಾ, ಇಲ್ಲ ಮುಕ್ಕಬೇಕಾ? ಉರಿ, ಜ್ವರ ಏನಾದ್ರೂ? ಬಾಯಾರಿಕೆ ಹೆಚ್ಚಾ? ತೂಕ ಇಳಿದಿದೆಯಾ? ಗೊರಕೆ ಹೊಡೀತಾನಾ? ಎಷ್ಟು ದಿನಕ್ಕೊಮ್ಮೆ ಕಕ್ಕಸಿಗೆ ಹೋಗ್ತಾನೆ? ಶಾಲೆಯಲ್ಲಿ ಎಷ್ಟು ನೀರು ಕುಡೀತಾನೆ? ಮನೆಯಲ್ಲಿ ಏನಾದರೂ ಬದಲಾವಣೆ.. ಹೊಸ ಮಗು, ಹೊಸ ಊರು, ಹೊಸ ಶಾಲೆ?

ನಾನು ನಡುವೆ ಬಾಯಿ ಹಾಕಿ "ಇಷ್ಟೆಲ್ಲ ಯಾಕೆ ಮೇಡಂ?" ಅಂದೆ. ಬೇಜಾರಿಲ್ಲದೆ ವಿವರಿಸಿದರು. ನಾನು ಡಾಕ್ಟರಲ್ಲ. ಆಮೇಲೆ ಒಂದಿಷ್ಟು ಓದಿಕೊಂಡೆ, ಅರ್ಥ ಆಗಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ.

ಮೊದಲನೇದು, ಐದು ವರ್ಷದೊಳಗಿನ ಮಗು ಹಾಸಿಗೆ ಒದ್ದೆ ಮಾಡಿದರೆ ಅದಕ್ಕೆ ತೊಂದರೆ ಅಂತ ಹೆಸರೇ ಇಲ್ಲ. ಐದು ತುಂಬಿದ ಮೇಲೆ ಲೆಕ್ಕ. ಐದನೇ ವಯಸ್ಸಿನಲ್ಲಿ ನೂರು ಮಕ್ಕಳಲ್ಲಿ ಸುಮಾರು 15 ಮಂದಿಗೆ ಇದು ಇರತ್ತೆ. ಹತ್ತರ ಹೊತ್ತಿಗೆ ಸುಮಾರು 5. ದೊಡ್ಡವರಲ್ಲೂ ನೂರಕ್ಕೆ ಒಬ್ಬರ ಆಸುಪಾಸು. ಚಿಕ್ಕ ವಯಸ್ಸಿನಲ್ಲಿ ಹುಡುಗರಿಗೆ ಹುಡುಗಿಯರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಇದೆಲ್ಲ ಸೋಮಾರಿತನ ಅನ್ನೋದಾದರೆ ದೇಶದ ತುಂಬ ಇಷ್ಟೊಂದು ಸೋಮಾರಿ ಮಕ್ಕಳು ಒಟ್ಟಿಗೆ ಹುಟ್ಟಿದ್ದಾರೆ ಅಂತ ನಂಬಬೇಕಾಗತ್ತೆ!

ಎರಡನೇದು, ಇದರ ಒಳಗಿನ ಕೆಲಸ ಮೂರು. ಕೆಲವು ಮಕ್ಕಳಲ್ಲಿ ರಾತ್ರಿ ಮೂತ್ರ ಕಡಿಮೆ ಮಾಡೋ ಹಾರ್ಮೋನು (ವ್ಯಾಸೋಪ್ರೆಸಿನ್) ಸಾಕಷ್ಟು ಬರೋಲ್ಲ, ಹಾಗಾಗಿ ರಾತ್ರಿಯೂ ಹಗಲಿನಷ್ಟೇ ಮೂತ್ರ ತಯಾರಾಗತ್ತೆ. ಕೆಲವರ ಮೂತ್ರಕೋಶ ಸ್ವಲ್ಪಕ್ಕೇ ತುಂಬಿತು ಅಂತ ಹಿಂಡಿಬಿಡತ್ತೆ. ಮೂರನೇದು, ತುಂಬಿದ ಸುದ್ದಿ ತಲೆಗೆ ತಲುಪಿದರೂ ನಿದ್ದೆಯಿಂದ ಎಚ್ಚರ ಆಗಲ್ಲ. ಬೇಕು ಅಂತ ಮಾಡೋದು ಈ ಮೂರರಲ್ಲಿ ಎಲ್ಲೂ ಇಲ್ಲ, ಗಮನಿಸಿ.

ಈಗ ಪ್ರಶ್ನೆಗಳಿಗೆ ಬನ್ನಿ. ಆರು ತಿಂಗಳಾದರೂ ಒಣಗಿದ್ದ ಹಾಸಿಗೆ ಮತ್ತೆ ಒದ್ದೆ ಆಗೋಕೆ ಶುರುವಾದರೆ ಅದರ ಹಿಂದೆ ಹೊಸ ಕಾರಣ ಹುಡುಕಬೇಕು. ಜೊತೆಗೆ ವಿಪರೀತ ಬಾಯಾರಿಕೆ, ಸೊರಗುವಿಕೆ ಇದ್ದರೆ ಅದು ಮಕ್ಕಳಿಗೆ ಬರೋ ಸಕ್ಕರೆ ಕಾಯಿಲೆಯ ಮೊದಲ ಗುರುತಾಗಿರಬಹುದು. ಅವತ್ತೇ ರಕ್ತದ ಸಕ್ಕರೆ ನೋಡಿಸಬೇಕು, ನಾಳೆ ಅನ್ನಬಾರದು. ಹಗಲೂ ಒದ್ದೆ, ಓಡೋದು, ತಡೆಯೋಕಾಗದಿರೋದು ಇದ್ದರೆ ಮೂತ್ರಕೋಶದ ಕಡೆ ಬೊಟ್ಟು. ಹುಡುಗನಿಗೆ ಧಾರೆ ಸಣ್ಣಗೆ ಬರ್ತಿದ್ದು ಮುಕ್ಕುತ್ತಿದ್ದರೆ ದಾರಿಯಲ್ಲಿ ಏನೋ ಅಡ್ಡ ಇದೆಯಾ ನೋಡಬೇಕು. ಹುಡುಗಿಗೆ ದಿನವಿಡೀ ತೊಟ್ಟಿಕ್ಕುತ್ತಲೇ ಇದ್ದರೆ ಹುಟ್ಟಿನಿಂದ ಬಂದ ರಚನೆಯ ದೋಷ ಇರಬಹುದು. ಜೋರು ಗೊರಕೆ ಇದ್ದರೆ ಮೂಗಿನ ಹಿಂದಿನ ಗಡ್ಡೆ, ಟಾನ್ಸಿಲ್ ಕಡೆ ನೋಡ್ತಾರೆ. ಒಮ್ಮೆಲೇ ಶುರುವಾಗಿ ಮಗು ಯಾರನ್ನೋ ಕಂಡು ಹೆದರ್ತಿದ್ದರೆ.. ಆ ಪ್ರಶ್ನೆಯನ್ನೂ ಕೇಳೋ ಧೈರ್ಯ ನಮಗಿರಬೇಕು.

ಆಮೇಲೆ ಡಾಕ್ಟರು ಪುಟ್ಟನ ಹೊಟ್ಟೆ ಒತ್ತಿ ನೋಡಿದರು. ಬೆನ್ನು ತಿರುಗಿಸಿ ಸೊಂಟದ ಹತ್ತಿರ ಗುಳಿ, ಕೂದಲ ಗೊಂಚಲು ಏನಾದ್ರೂ ಇದೆಯಾ ನೋಡಿದರು. ನಡೆಸಿದರು, ಕಾಲಿನ ಬಲ ನೋಡಿದರು. ಎಲ್ಲ ಸರಿ ಇತ್ತು. ಅಕ್ಕ ಆ ಎಕ್ಸ್-ರೇ ತೆಗೆದು ತೋರಿಸಿದಳು. ಅವರು ನಕ್ಕು, "ಇದು ಎಷ್ಟೋ ಆರೋಗ್ಯವಂತರಲ್ಲಿ ಇರತ್ತೆ. ನಮ್ಮಲ್ಲೇ ಯಾರಿಗಾದ್ರೂ ತೆಗೆದ್ರೂ ಸಿಗಬಹುದು. ಬೆನ್ನ ಮೇಲೆ ಗುರುತಿಲ್ಲ, ಕಾಲು ಸರಿ ಇದೆ ಅಂದ್ಮೇಲೆ ಇದಕ್ಕೆ ಆ ದೋಷ ಹೊರಿಸೋದು ಬೇಡ" ಅಂದರು. ಎರಡು ವರ್ಷದ ಹುಳ ಒಂದು ನಿಮಿಷದಲ್ಲಿ ಹೋಯ್ತು.

ಮಾಡಿಸಿದ ಪರೀಕ್ಷೆ ಒಂದೇ, ಮೂತ್ರದ್ದು. ಸಕ್ಕರೆ, ಪ್ರೋಟೀನು, ಸೋಂಕು ಇದೆಯಾ ಅಂತ. ಎಲ್ಲ ಇಲ್ಲ ಅಂತ ಬಂತು. ಸ್ಕ್ಯಾನಿಂಗ್ ಬೇಡ್ವಾ ಅಂತ ಭಾವ ಕೇಳಿದರು (ನಮಗೆ ಸ್ಕ್ಯಾನಿಂಗ್ ಇಲ್ಲದಿದ್ದರೆ ಡಾಕ್ಟರ ಹತ್ತಿರ ಹೋದ ಹಾಗೇ ಅನ್ಸಲ್ಲ ನೋಡಿ). ಸದ್ಯಕ್ಕೆ ಬೇಡ ಅಂದರು. ಬದಲಿಗೆ ಕೈಗೆ ಒಂದು ಖಾಲಿ ಹಾಳೆ ಕೊಟ್ಟರು!

ಆ ಹಾಳೆಯೇ ನಿಜವಾದ ಪರೀಕ್ಷೆ. ಶನಿವಾರ, ಭಾನುವಾರ ಎರಡು ದಿನ ಹುಡುಗ ಎಷ್ಟು ಗಂಟೆಗೆ ಎಷ್ಟು ನೀರು ಕುಡಿದ, ಎಷ್ಟು ಗಂಟೆಗೆ ಎಷ್ಟು ಮೂತ್ರ ಮಾಡಿದ ಅಂತ ಅಳತೆ ಪಾತ್ರೆಯಲ್ಲಿ ಅಳೆದು ಬರೆಯಬೇಕು. ಏಳು ರಾತ್ರಿ ಒದ್ದೆಯೋ ಒಣಗಿತ್ತೋ ಬರೆಯಬೇಕು. ರಾತ್ರಿ ಡೈಪರ್ ಹಾಕಿ, ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಹೆಚ್ಚಾದ ಒಂದು ಗ್ರಾಂ ಅಂದ್ರೆ ಒಂದು ಮಿಲಿಲೀಟರ್. ಅದಕ್ಕೆ ಬೆಳಗಿನ ಮೊದಲ ಮೂತ್ರ ಕೂಡಿಸಿದರೆ ಇಡೀ ರಾತ್ರಿಯ ಲೆಕ್ಕ. ಮತ್ತೆ ಕಕ್ಕಸಿಗೆ ಯಾವ್ಯಾವ ದಿನ ಹೋದ ಅನ್ನೋದೂ.

ಪುಟ್ಟನಿಗೆ ಇದು ಭಾರೀ ಮಜಾ. ಮನೆಯಲ್ಲಿ ದೊಡ್ಡ ವಿಜ್ಞಾನಿ ಥರ ಪಾತ್ರೆ ಹಿಡ್ಕೊಂಡು ಓಡಾಡಿದ. ಬಂದ ಉತ್ತರ ಮಾತ್ರ ನಮ್ಮನ್ನ ದಂಗುಬಡಿಸಿತು.

ಮಗುವಿನ ಮೂತ್ರಕೋಶ ಎಷ್ಟು ಹಿಡಿಯಬೇಕು ಅನ್ನೋದಕ್ಕೆ ಒಂದು ಸುಲಭ ಲೆಕ್ಕ ಇದೆ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿ. ಎಂಟು ವರ್ಷಕ್ಕೆ 9 ಗುಣಿಸು 30, ಅಂದರೆ 270 ಮಿಲಿಲೀಟರ್. ಬೆಳಗಿನ ಮೊದಲನೇದನ್ನ ಬಿಟ್ಟರೆ ಪುಟ್ಟ ಒಂದು ಸಲಕ್ಕೆ ಮಾಡಿದ್ದು ಹೆಚ್ಚೆಂದರೆ 120. ಕಕ್ಕಸಿಗೆ ಹೋಗ್ತಿದ್ದುದು ನಾಲ್ಕು ದಿನಕ್ಕೊಮ್ಮೆ, ಅದೂ ಅತ್ತುಕೊಂಡು. ಎಂಟು ವರ್ಷದ ಹುಡುಗ ಒಬ್ಬನೇ ಹೋಗಿ ಬರ್ತಾನೆ, ಯಾರು ಲೆಕ್ಕ ಇಡ್ತಾರೆ ಹೇಳಿ? ಅಕ್ಕನಿಗೆ ಗೊತ್ತೇ ಇರಲಿಲ್ಲ. ಇನ್ನು ಶಾಲೆ ಇರೋ ದಿನ ನೋಡಿದರೆ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್. "ಯಾಕೋ?" ಅಂದ್ರೆ, "ಶಾಲೆಯ ಟಾಯ್ಲೆಟ್ ಗಬ್ಬು ನಾತ ಅಮ್ಮಾ. ನೀರು ಕುಡಿದ್ರೆ ಹೋಗಬೇಕಾಗತ್ತೆ" ಅಂದ. ಸಂಜೆ ಮನೆಗೆ ಬಂದು ಗಟಗಟ ಅಂತ ಒಂದೂವರೆ ಲೀಟರು ಕುಡೀತಿದ್ದ.

ಅಲ್ಲಿಗೆ ಚಿತ್ರ ಪೂರ್ತಿ ಆಯ್ತು. ಗಟ್ಟಿಯಾದ ಮಲ ಕೂತಿದ್ದ ಕರುಳು ಮುಂದಿರೋ ಮೂತ್ರಕೋಶವನ್ನ ಒತ್ತತ್ತೆ, ಜಾಗ ಕಮ್ಮಿ, ಸುಮ್ಮನೆ ಹಿಂಡತ್ತೆ. ಹಗಲೆಲ್ಲ ತಡೆದು, ರಾತ್ರಿಗೆ ಮುಂಚೆ ನೀರೆಲ್ಲ ಒಟ್ಟಿಗೆ. "ಮೊದಲು ಹೊಟ್ಟೆ ಸರಿ ಮಾಡೋಣ, ಹಾಸಿಗೆ ವಿಚಾರ ಆಮೇಲೆ" ಅಂದರು ಡಾಕ್ಟರು. ಮಲ ಸಡಿಲವಾಗೋ ಔಷಧಿ, ತಿಂಡಿ ಆದ ಮೇಲೆ ಹತ್ತು ನಿಮಿಷ ಕಕ್ಕಸಿನಲ್ಲಿ ಕೂರೋದು, ಹಗಲು ಎರಡು ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಹೋಗೋದು, ನೀರಿನ ಬಹುಪಾಲು ಮಧ್ಯಾಹ್ನದೊಳಗೆ. ಅಷ್ಟೇ. ಪವಾಡ ಏನೂ ಆಗಲಿಲ್ಲ. ಹೆಚ್ಚುಕಮ್ಮಿ ನಾಲ್ಕು ತಿಂಗಳಾಯ್ತು, ವಾರಕ್ಕೆ ಆರು ಇದ್ದದ್ದು ಎರಡಕ್ಕೆ ಬಂದಿದೆ. ಬಾಕಿ ಉಳಿದಿದ್ದಕ್ಕೆ ಬೇಕಾದ್ರೆ ಅಲಾರಂ ನೋಡೋಣ ಅಂದಿದ್ದಾರೆ.

(ಅಲಾರಂ ಅಂದ್ರೆ ಚಡ್ಡಿ ಒದ್ದೆ ಆದ ಕೂಡಲೇ ಕೂಗೋ ಸಣ್ಣ ಯಂತ್ರ. ಅಮೆರಿಕದ ಮೌರರ್ ದಂಪತಿ 1938ರಲ್ಲೇ ಇಂಥದ್ದರ ಬಗ್ಗೆ ಬರೆದಿದ್ದಾರೆ. ಎರಡು ಮೂರು ತಿಂಗಳು ಬಿಡದೆ ಬಳಸಿದರೆ ಬಹಳ ಮಕ್ಕಳಿಗೆ ಗುಣ ಸಿಗತ್ತೆ. ರಾತ್ರಿ ಮೂತ್ರ ಜಾಸ್ತಿ ತಯಾರಾಗೋ ಮಕ್ಕಳಿಗೆ ಡೆಸ್ಮೋಪ್ರೆಸಿನ್ ಅನ್ನೋ ಮಾತ್ರೆ ಇದೆ. ಅದನ್ನ ತಗೊಂಡ ರಾತ್ರಿ ನೀರು ಹೆಚ್ಚು ಕುಡಿಯಬಾರದು, ಅಪಾಯ. ಡಾಕ್ಟರು ಹೇಳದೆ ಮುಟ್ಟಬೇಡಿ. ಯಾವ ಮಗುವಿಗೆ ಯಾವುದು ಅಂತ ಗೊತ್ತಾಗೋದು ಆ ಹಾಳೆಯಿಂದಲೇ.)

ಇನ್ನೊಂದು ಪ್ರಶ್ನೆ ಹೇಳೋದು ಬಿಟ್ಟೆ. ಅವತ್ತು ಡಾಕ್ಟರು "ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ?" ಅಂತ ಕೇಳಿದಾಗ ಅಕ್ಕ ಭಾವ ಇಬ್ಬರೂ "ಇಲ್ಲ ಇಲ್ಲ" ಅಂದರು. ಅಕ್ಕನಿಗೆ ಗೊತ್ತು, ನನ್ನ ಕಂಬಳಿ ಒಗೆದಿದ್ದೇ ಅವಳು. ನನ್ನ ಮರ್ಯಾದೆ ಉಳಿಸೋಕೆ ಹೊರಟಿದ್ದಳು ಪಾಪ. ನಾನೇ ಕೈ ಎತ್ತಿದೆ, ಶಾಲೆಯಲ್ಲಿ ಎತ್ತೋ ಹಾಗೆ. "ನನಗಿತ್ತು. ಹನ್ನೊಂದು ವರ್ಷದ ತನಕ."

ಪುಟ್ಟ ತಿರುಗಿ ನನ್ನ ಮುಖ ನೋಡಿದ್ದು ಮರೆಯೋಕಾಗಲ್ಲ. "ನಿಂಗೂನಾ ಮಾಮ?" ಅಂದ. ಆಮೇಲೆ ಮನೆಗೆ ಬರೋ ತನಕ ನನ್ನ ಕೈ ಬಿಡಲಿಲ್ಲ.

ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರೋ ಸಾಧ್ಯತೆ ನೂರಕ್ಕೆ ಸುಮಾರು 44, ಇಬ್ಬರಿಗೂ ಇದ್ದರೆ ಸುಮಾರು 77, ಇಬ್ಬರಿಗೂ ಇಲ್ಲದಿದ್ದರೆ 15 ಅನ್ನೋ ಲೆಕ್ಕ ಇದೆ. ಇದನ್ನ ಓದಿದ ಮೇಲೆ ನನಗೊಂದು ಅನುಮಾನ ಶುರುವಾಯ್ತು. ಊರಿಗೆ ಹೋದಾಗ ದೊಡ್ಡತ್ತೆಯನ್ನ, ಅಂದ್ರೆ ಅಪ್ಪನ ಅಕ್ಕನನ್ನ, ಮೆಲ್ಲಗೆ ಕೇಳಿದೆ. ಅವಳಿಗೀಗ ಎಂಬತ್ತು ದಾಟಿದೆ. ಬಾಯ್ತುಂಬ ನಕ್ಕಳು. "ನಿಮ್ಮಪ್ಪಂದಾ? ಅಯ್ಯೋ, ಹತ್ತು ವರ್ಷದ ತನಕ ಅವನ ಚಾಪೆ ಒಣಗಿಸಿ ಒಣಗಿಸಿ ಸಾಕಾಗಿತ್ತಲ್ಲೋ ನಂಗೆ!"

ಅಪ್ಪ ಅಲ್ಲೇ ಕೂತಿದ್ದರು. ಏನೂ ಮಾತಾಡದೆ ಎದ್ದು ಕೊಟ್ಟಿಗೆ ಕಡೆ ಹೋದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರೂ ಯಾವುದೋ ಕಂಬಕ್ಕೆ ಒರಗಿ ರಾತ್ರಿ ಕಳೆದಿರಬೇಕು ಅನ್ನಿಸ್ತು. ಆದರೆ ಯೋಚನೆ ಮಾಡಿ.. ಅವರು ಒಂದು ಮಾತು, ಒಂದೇ ಒಂದು ಮಾತು "ನಂಗೂ ಇತ್ತು ಕಣೋ, ಹೋಗತ್ತೆ" ಅಂದಿದ್ದರೆ ನನ್ನ ಅಷ್ಟು ವರ್ಷಗಳ ರಾತ್ರಿ ಹೇಗಿರ್ತಿತ್ತು! ಮೂರು ತಲೆಮಾರು ಒಂದೇ ಜಗುಲಿಯಲ್ಲಿ ಒಂದೇ ವಿಷಯ ಮುಚ್ಚಿಟ್ಟುಕೊಂಡು ಬಂದ್ವಿ. ನಾಚಿಕೆ ಬರೀ ಮಗುವನ್ನ ಹಿಂಸೆ ಮಾಡಲ್ಲ, ರೋಗ ಗುರುತಿಸೋ ದಾರಿಯನ್ನೂ ಮುಚ್ಚತ್ತೆ. ಈ ತೊಂದರೆಯಲ್ಲಿ ಡಾಕ್ಟರಿಗೆ ಬೇಕಾದ್ದು ಮುಖ್ಯವಾಗಿ ಕಥೆ. ಕಥೆಯನ್ನ ಮುಚ್ಚಿಟ್ಟರೆ ಎಕ್ಸ್-ರೇಯಲ್ಲಿ ಏನು ಕಾಣತ್ತೆ?

"ತಾನಾಗೇ ಹೋಗತ್ತೆ ಬಿಡಿ, ಇಷ್ಟೆಲ್ಲ ರಂಪ ಯಾಕೆ" ಅನ್ನೋರಿದ್ದಾರೆ. ಅರ್ಧ ನಿಜ. ಪ್ರತಿ ವರ್ಷ ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ತಾನಾಗೇ ನಿಲ್ಲತ್ತೆ. ನನಗೂ ಹಾಗೇ ನಿಂತಿತು. ಆದರೆ ಉಳಿದ 85 ಮಂದಿಗೆ ಇನ್ನೊಂದು ವರ್ಷ ಕಾಯಬೇಕಲ್ಲ? ಐದು ವರ್ಷದ ಮಗುವಿಗೆ ಕಾಯೋದು ಸರಿ. ಎಂಟು, ಒಂಬತ್ತು ವರ್ಷದ ಮಗು ನೆಂಟರ ಮನೆಗೆ ಬರಲ್ಲ ಅಂತಿದ್ದರೆ, ರಾತ್ರಿ ಎದ್ದು ಕೂರ್ತಿದ್ದರೆ, ಇನ್ನೂ ಕಾಯಿ ಅನ್ನೋದು ಕ್ರೌರ್ಯ. ಮತ್ತೆ ಕೇಳದೇ ಕಾದರೆ ಒಳಗಿರೋ ಮಲಬದ್ಧತೆಯೋ, ಸೋಂಕೋ, ಸಕ್ಕರೆ ಕಾಯಿಲೆಯೋ ಕಾಯ್ತಾ ಕೂರಲ್ಲ.

ಹೊಡೆಯೋದಂತೂ ಬೇಡವೇ ಬೇಡ. ನಿದ್ದೆಯಲ್ಲಿ ಆಗಿದ್ದಕ್ಕೆ ಎಚ್ಚರದಲ್ಲಿ ಶಿಕ್ಷೆ ಕೊಡೋದು ಯಾವ ನ್ಯಾಯ? ಅಕ್ಕ ಈಗ ಅದನ್ನ ನೆನೆಸಿಕೊಂಡು ಅಳ್ತಾಳೆ. ನಡುರಾತ್ರಿ ಎಬ್ಬಿಸಿ ಬಚ್ಚಲಿಗೆ ಕರ್ಕೊಂಡು ಹೋಗೋದರಿಂದ ಆ ರಾತ್ರಿಯ ಹಾಸಿಗೆ ಉಳಿಯಬಹುದು, ಮಗುವಿಗೆ ತಾನಾಗೇ ಏಳೋದು ಕಲಿತ ಹಾಗಾಗಲ್ಲ. ಸಂಜೆಯ ಮೇಲೆ ನೀರು ನಿಲ್ಲಿಸಿ ಅನ್ನೋರಿಗೂ ಒಂದು ಮಾತು: ಮೊದಲು ಹಗಲು ಕುಡಿಸಿ, ಹಗಲು ಹೋಗೋಕೆ ಒಂದು ಚೊಕ್ಕ ಜಾಗ ಕೊಡಿ.

ಹೌದು, ಜಾಗ. 2019ರ ಕೊನೆಯಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯೋಕೆ ಅಂತಲೇ 'ವಾಟರ್ ಬೆಲ್' ಹೊಡೀತಾರೆ ಅನ್ನೋ ಸುದ್ದಿ ಬಂದು ನಮ್ಮ ರಾಜ್ಯದಲ್ಲೂ ಅದರ ಮಾತು ಜೋರಾಗಿತ್ತು. ಒಳ್ಳೇ ಯೋಚನೆ. ಆದರೆ ಗಂಟೆ ಹೊಡೆದು ನೀರು ಕುಡಿಸಿ, ಮಗು ಕಾಲಿಡೋಕೂ ಹೇಸೋ ಟಾಯ್ಲೆಟ್ ಇಟ್ಟರೆ ಏನು ಬಂತು? ಪುಟ್ಟನ ಶಾಲೆಗೆ ಅಕ್ಕ ಮೂರು ಸಲ ಹೋಗಿ ಬಂದಿದಾಳೆ. ಇನ್ನೂ "ನೋಡ್ತೀವಿ" ಅಂತಲೇ ಇದಾರೆ.

ಕೊನೆಗೆ ಒಂದೇ ಕೋರಿಕೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇಂಥ ಮಗು ಇದ್ದರೆ ಮಾತ್ರೆಗೂ ತಾಯತಕ್ಕೂ ಮುಂಚೆ ಒಂದು ಹಾಳೆ, ಒಂದು ಅಳತೆ ಪಾತ್ರೆ ತಗೊಳ್ಳಿ. ಬರೆದುಕೊಂಡು ಹೋಗಿ. ಡಾಕ್ಟರು ಕೇಳದಿದ್ದರೆ ನೀವೇ ಮುಂದಿಡಿ. ಐದು ನಿಮಿಷದಲ್ಲಿ ಮುಗಿಸಿದರೆ ಕೇಳೋ ಡಾಕ್ಟರನ್ನ ಹುಡುಕಿ. ಮತ್ತೆ ನಿಮಗೇ ಚಿಕ್ಕಂದಿನಲ್ಲಿ ಇದ್ದಿದ್ದರೆ ದಯವಿಟ್ಟು ಆ ಮಗುವಿಗೆ ಹೇಳಿ. ಅದಕ್ಕಿಂತ ಅಗ್ಗದ ಔಷಧಿ ಇಲ್ಲ.

ಈ ದಸರಾ ರಜೆಗೆ ಪುಟ್ಟ ಅವನ ಅತ್ತೆ ಮನೆಯಲ್ಲಿ ಮೂರು ರಾತ್ರಿ ಉಳೀತಾನಂತೆ, ಮೊದಲ ಸಲ. ಬ್ಯಾಗಿನಲ್ಲಿ ಎರಡು ಚಡ್ಡಿ ಹೆಚ್ಚಿಗೆ, ಮಡಚಿಟ್ಟ ಒಂದು ಪ್ಲಾಸ್ಟಿಕ್ ಹಾಳೆ. "ಒದ್ದೆ ಆದ್ರೆ?" ಅಂತ ಕೇಳಿದೆ ಫೋನಿನಲ್ಲಿ.

"ಆದ್ರೆ ಒಗೆಯೋದು ಅಷ್ಟೇ ಮಾಮ" ಅಂದ.